ನನ್ನ ಒಲೆಯ ಮುಂದೆ ಇನ್ನೊಬ್ಬಳ ಬಳೆ ಸದ್ದು

ಮುನ್ನಿ, ಗುಂಡ್ಯಾ,

ಶಾಲೆಯ ಹಾಜರಿ ಪುಸ್ತಕದಲ್ಲಿ ನಿಮಗೆ ಬೇರೆ ಹೆಸರುಗಳಿವೆ. ನಿಮ್ಮ ಆಯಿಯಾದ ನನ್ನ ಬಾಯಿಗೆ ಮಾತ್ರ ನನ್ನ ಮೊಮ್ಮಕ್ಕಳು ಮುನ್ನಿ, ಗುಂಡ್ಯಾ ಅಷ್ಟೇ. ಉಳಿದ ಯಾರ ಹೆಸರನ್ನೂ ನಾನು ಇದರಲ್ಲಿ ಬರೆಯುವುದಿಲ್ಲ. ಓದುತ್ತ ಹೋದರೆ ಯಾರು ಯಾರೆಂದು ನಿಮಗೇ ತಿಳಿಯುತ್ತದೆ.

ಹೋದ ರವಿವಾರ ಗುಂಡ್ಯಾ ಜೋಳದ ಚೀಲವನ್ನು ಸೈಕಲ್ಲಿಗೆ ಕಟ್ಟುತ್ತ ಒಂದು ಮಾತು ಕೇಳಿದ. ನಮ್ಮ ಓಣಿಯ ತುದಿಯಲ್ಲೇ ಗಿರಣಿ ಇರುವಾಗ, ರೈಲ್ವೆ ಗೇಟು ದಾಟಿ ಅಷ್ಟು ದೂರದ ಗಿರಣಿಗೆ ಯಾಕೆ ಹೋಗಬೇಕು ಎಂದು. ನಿಮ್ಮ ಅವ್ವ ಒಳಗಿನಿಂದಲೇ ಉತ್ತರ ಕೊಟ್ಟಳು. ಆಯಿಗೆ ಆರಾಮಿಲ್ಲದ ವರ್ಷ ಆ ಗಿರಣಿಯವನು ಹಳೆಯ ಹಿಟ್ಟು ಬೆರೆಸಿ ಕೊಟ್ಟಿದ್ದ, ಅಂಥವನ ಬಾಗಿಲಿಗೆ ಹೋಗಬಾರದು ಎಂದಳು. ನಾನು ತೊಗರಿಬೇಳೆ ಆರಿಸುತ್ತ ಕುಳಿತಿದ್ದೆ. ತಲೆ ಎತ್ತಲಿಲ್ಲ.

ಗಿರಣಿಯವನು ಹಿಟ್ಟು ಕೆಡಿಸಿರಲಿಲ್ಲ. ಕೆಡಿಸಿದವಳು ನಾನು. ನಾಲ್ಕು ವರ್ಷದಿಂದ ಈ ಮಾತು ನನ್ನ ಹೊಟ್ಟೆಯಲ್ಲಿದೆ. ನಾನು ಚಿಂಚೋಳಿ ತಾಲೂಕಿನ ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಕಲಿತವಳು. ನಾಲ್ಕು ಜನರ ಎದುರು ನನಗೆ ಮಾತು ಹೊರಡುವುದಿಲ್ಲ, ಮನೆಯವರ ಎದುರೂ ಅಷ್ಟೇ. ಹಾಳೆಯ ಮುಂದೆ ನಾಚಿಕೆ ಸ್ವಲ್ಪ ಕಡಿಮೆ, ಅದಕ್ಕೇ ಬರೆಯಲು ಕುಳಿತೆ.

ಆ ವರ್ಷ ಮುನ್ನಿಗೆ ಒಂಬತ್ತು, ಗುಂಡ್ಯಾನಿಗೆ ಐದು ತುಂಬಿತ್ತು. ಸ್ನಾನ ಮಾಡುವಾಗ ಬಲ ಎದೆಯಲ್ಲಿ ಒಂದು ಗಂಟು ನನ್ನ ಕೈಗೆ ತಾಗಿತು. ಹೇಳಿಕೊಳ್ಳಲು ನಾಚಿಕೆ. ಯುಗಾದಿಯಿಂದ ನಾಗರ ಪಂಚಮಿಯವರೆಗೆ ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ತಿರುಗಿದೆ. ಮುನ್ನಿ, ನೀನು ಎಂದೂ ಹಾಗೆ ಮಾಡಬೇಡ. ಕೊನೆಗೆ ನಿಮ್ಮ ಅವ್ವ ನನಗೆ ಬೆನ್ನು ತಿಕ್ಕುವಾಗ ಅವಳ ಕೈಗೇ ತಾಗಿ, ಮರುದಿನವೇ ಕಲಬುರಗಿಗೆ ಕರೆದುಕೊಂಡು ಹೋದಳು. ಕ್ಯಾನ್ಸರ್ ಎಂದರು. ಬಲಗಡೆಯ ಎದೆಯನ್ನು ತೆಗೆದರು. ಬಗಲಿನಲ್ಲಿದ್ದ ಸಣ್ಣ ಗಂಟುಗಳನ್ನೂ ತೆಗೆದರು. ಆಮೇಲೆ ಮೂರು ವಾರಕ್ಕೊಮ್ಮೆ ಬಾಟಲಿ ಹಚ್ಚಿ ಕಿಮೋ, ಅದು ಮುಗಿದ ಮೇಲೆ ಕರೆಂಟು, ಅಂದರೆ ರೇಡಿಯೇಶನ್, ಕೊಡುತ್ತೇವೆ ಎಂದರು. ನಾನು ಬಾಯಿ ಬಿಟ್ಟು ಡಾಕ್ಟರರನ್ನು ಕೇಳಿದ್ದು ಒಂದೇ ಪ್ರಶ್ನೆ, ರೊಟ್ಟಿ ಯಾವಾಗಿನಿಂದ ಬಡಿಯಬಹುದು ಎಂದು. ಅವರು ನಕ್ಕರು. ಚಿಕಿತ್ಸೆ ಮುಗಿಯುವವರೆಗೆ ಬಲಗೈಯಿಂದ ಭಾರ ಎತ್ತಬೇಡಿ, ಹಿಟ್ಟು ನಾದಬೇಡಿ, ರೊಟ್ಟಿಯಂತೂ ಬೇಡವೇ ಬೇಡ, ಕೈ ಬಾತುಕೊಂಡರೆ ಇಳಿಯುವುದಿಲ್ಲ ಎಂದರು.

ನಿಮ್ಮ ಅವ್ವ ಚಿತ್ತಾಪುರದ ಶಾಲೆಗೆ ಬೆಳಗಿನ ಬಸ್ಸಿಗೇ ಹೊರಡಬೇಕು. ನಿಮ್ಮ ಅಪ್ಪನದು ರೈಲ್ವೆ ಕೆಲಸ. ಡ್ಯೂಟಿ ಈ ವಾರ ಹಗಲಾದರೆ ಮುಂದಿನ ವಾರ ಇರುಳು. ಮೊದಲ ಕಿಮೋ ಆದ ಮೇಲೆ ನನಗೆ ಒಗ್ಗರಣೆಯ ವಾಸನೆ ಬಂದರೂ ವಾಂತಿಯಾಗುತ್ತಿತ್ತು. ಖಾನಾವಳಿಯಿಂದ ರೊಟ್ಟಿ ತರಿಸಿದರು. ಗುಂಡ್ಯಾ ಅದನ್ನು ಬಾಯಿಗೆ ಹಾಕಿ ತೆಗೆದು ತಟ್ಟೆಯಲ್ಲಿಟ್ಟ. ಆಯಿ ರೊಟ್ಟಿ ಬೇಕು ಎಂದು ಅತ್ತ. ಖರೆ ಹೇಳುತ್ತೇನೆ, ಮೈಯೆಲ್ಲ ನೋವಿದ್ದರೂ ಆ ಅಳು ಕೇಳಿ ನನಗೆ ಒಳಗೊಳಗೇ ಹಿತವಾಗಿತ್ತು.

ಎರಡನೆಯ ಕಿಮೋಕ್ಕೆ ಹೋದಾಗ ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಳ್ಳುವ ಒಬ್ಬ ಹೆಣ್ಣುಮಗಳು ನಿಮ್ಮ ಅವ್ವನ ಮುಖ ನೋಡಿಯೇ ಕೇಳಿದಳಂತೆ, ಮನೆಗೆಲಸಕ್ಕೆ ಯಾರಿದ್ದಾರೆ ಎಂದು. ಶಹಾಬಾದಿನಲ್ಲಿ ಹೆಣ್ಣುಮಕ್ಕಳ ಒಂದು ಸಂಘವಿದೆ, ಕ್ಯಾನ್ಸರಿನ ಔಷಧಿ ನಡೆದಿರುವ ಮನೆಗಳಿಗೆ ವಾರದಲ್ಲಿ ಮೂರು ಬೆಳಗ್ಗೆ ಒಬ್ಬರನ್ನು ಕಳಿಸುತ್ತದೆ, ಕಸ, ಭಾಂಡೆ, ಬಟ್ಟೆ, ಅಡಿಗೆ ಎಲ್ಲ ಮಾಡುತ್ತಾರೆ, ಏನೂ ಕೊಡಬೇಕಾಗಿಲ್ಲ ಎಂದಳು. ಒಂದು ಕಾಗದ ತುಂಬಿ, ಡಾಕ್ಟರರ ಸಹಿ ಹಾಕಿಸಿ ಕೊಟ್ಟು ಬಂದರು. ನನ್ನನ್ನು ಕೇಳಲಿಲ್ಲ. ಕೇಳಿದ್ದರೂ ನಾನು ಹೂಂ ಎನ್ನುತ್ತಿದ್ದೆ, ಹೆಚ್ಚು ಮಾತು ನನಗೆ ಬರುವುದಿಲ್ಲವಲ್ಲ.

ಹೀಗೆ ಖಾಲಾ ನಮ್ಮ ಮನೆಗೆ ಬಂದಳು. ಮೊದಲ ದಿನವೇ ಮುನ್ನಿ ಅವಳನ್ನು ಅವರ ಮಾತಿನಲ್ಲಿ ಚಿಕ್ಕವ್ವನಿಗೆ ಹೇಳುವಂತೆ ಖಾಲಾ ಎಂದು ಕರೆದಳು, ಆಮೇಲೆ ಮನೆಯವರಿಗೆಲ್ಲ ಅವಳು ಖಾಲಾನೇ ಆದಳು. ನಲವತ್ತರ ಆಸುಪಾಸಿನ ಹೆಣ್ಣು. ಶಹಾಬಾದಿನಿಂದ ಟಮ್‌ಟಮ್ ಆಟೋ ಹಿಡಿದು ನಮ್ಮ ವಾಡಿಯಲ್ಲಿ ಇಳಿದು ನಡೆದು ಬರುತ್ತಿದ್ದಳು. ಬುರ್ಖಾ ಬಿಚ್ಚಿ ಗೂಟಕ್ಕೆ ಹಾಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಮಾತೂ ಕೇಳದೆ ನೇರ ಅಡಿಗೆಮನೆಗೆ ನಡೆಯುತ್ತಿದ್ದಳು. ಚಹಾ ಕೊಟ್ಟರೆ ಕುಡಿಯುತ್ತಿರಲಿಲ್ಲ. ಸಂಘದ ನೇಮ ಹಾಗಿದೆಯಂತೆ. ಹೋದ ಮನೆಯಲ್ಲಿ ಚಹಾ ಬೇಡ, ಸೀರೆ ಬೇಡ, ಏನೂ ಬೇಡ. ನೀರನ್ನೂ ತನ್ನ ಬಾಟಲಿಯಲ್ಲೇ ತರುತ್ತಿದ್ದಳು. ನಮ್ಮ ಕಡೆ ಮನೆಗೆ ಬಂದವರು ಚಹಾ ಬೇಡವೆಂದರೆ ಮನೆಯವರ ಮನಸ್ಸಿಗೆ ಹತ್ತುತ್ತದೆ. ಅವಳು ಒಂದು ಲೋಟ ಚಹಾ ಕುಡಿದಿದ್ದರೂ ನಾನು ಏನೋ ಕೊಟ್ಟೆ ಎಂದುಕೊಳ್ಳುತ್ತಿದ್ದೆ.

ಆ ಮೊದಲ ಬೆಳಗ್ಗೆ ನಾನು ಪಡಸಾಲೆಯ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದೆ. ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಬಂತು. ಮೂರು ಸಲ ಬಡಿದು ಒಂದು ಸಲ ನಿಲ್ಲುತ್ತಿತ್ತು, ಮತ್ತೆ ಮೂರು. ಆ ನಡುವೆ ಬಳೆಗಳ ಸದ್ದು. ನಿಮ್ಮ ಮುತ್ಯಾ, ನನ್ನ ಯಜಮಾನರು, ಹೋದ ಮೇಲೆ ನನ್ನ ಕೈಯಲ್ಲಿ ಗಾಜಿನ ಬಳೆ ಇರಲಿಲ್ಲ. ಹನ್ನೊಂದು ವರ್ಷದಿಂದ ಆ ಅಡಿಗೆಮನೆಯಲ್ಲಿ ಬಳೆಯ ಸದ್ದಿಲ್ಲದೆ ರೊಟ್ಟಿ ಆಗುತ್ತಿದ್ದವು. ನಿಮ್ಮ ಅವ್ವನಿಗೆ ಚಪಾತಿ ಬರುತ್ತದೆ, ರೊಟ್ಟಿ ಬರುವುದಿಲ್ಲ, ಅದು ನನಗೆ ಒಂದು ಸಮಾಧಾನವೇ ಆಗಿತ್ತು. ನಾನು ಸತ್ತ ದಿನ ಈ ಮನೆಯಲ್ಲಿ ರೊಟ್ಟಿಯ ಸದ್ದು ನಿಲ್ಲುತ್ತದೆ, ಆಗ ಎಲ್ಲರಿಗೂ ನನ್ನ ನೆನಪಾಗುತ್ತದೆ ಎಂದು ನಾನು ಎಷ್ಟೋ ಸಲ ಅಂದುಕೊಂಡದ್ದಿದೆ. ನಾನಿನ್ನೂ ಸತ್ತಿರಲಿಲ್ಲ, ಸದ್ದೂ ನಿಂತಿರಲಿಲ್ಲ.

ಅವಳ ರೊಟ್ಟಿಯನ್ನು ತಟ್ಟೆಯಲ್ಲಿ ಹಾಕಿ ನನ್ನ ಮುಂದೆ ಇಟ್ಟಾಗ ನಾನು ಎತ್ತಿ ಬೆಳಕಿಗೆ ಹಿಡಿದು ನೋಡಿದೆ. ಎಲ್ಲಿಯೂ ದಪ್ಪವಿಲ್ಲ, ಅಂಚು ಎಲ್ಲಿಯೂ ಸೀಳಿಲ್ಲ. ಹಸಿವಿಲ್ಲ ಎಂದು ತಟ್ಟೆ ಸರಿಸಿದೆ. ಆ ದಿನ ನಿಮ್ಮ ಅಪ್ಪ ಮೂರನೆಯ ರೊಟ್ಟಿ ಕೇಳಿ ಹಾಕಿಸಿಕೊಂಡ. ನನಗೆ ರೋಗ ಗೊತ್ತಾದ ಮೇಲೆ ಅವನು ಹೊಟ್ಟೆತುಂಬ ಉಂಡದ್ದು ಅದೇ ಮೊದಲು. ತಾಯಿಯಾದವಳು ಸಂತೋಷಪಡಬೇಕಿತ್ತು.

ಗುಂಡ್ಯಾ, ನಿನಗೆ ನೆನಪಿದೆಯೋ ಇಲ್ಲವೋ. ದಿನಾ ಮೊದಲ ಉಂಡೆಯಲ್ಲಿ ನಾನು ಅಂಗೈಯಷ್ಟು ಸಣ್ಣ ರೊಟ್ಟಿ ಮಾಡಿ, ತುಪ್ಪ ಸವರಿ, ಬೆಲ್ಲದ ಪುಡಿ ಹಾಕಿ ಸುರುಳಿ ಸುತ್ತಿ ನಿನ್ನ ಕೈಗೆ ಕೊಡುತ್ತಿದ್ದೆ. ಅದು ನಮ್ಮಿಬ್ಬರ ಲೆಕ್ಕ. ಖಾಲಾ ಬಂದ ಎರಡನೆಯ ವಾರ ನೀನು ಅದೇ ಸುರುಳಿ ಹಿಡಿದು, ಗಲ್ಲಕ್ಕೆ ತುಪ್ಪ ಹತ್ತಿಸಿಕೊಂಡು ನನ್ನ ಮಂಚದ ಹತ್ತಿರ ಬಂದೆ. ಯಾರು ಕೊಟ್ಟರು ಎಂದು ಕೇಳಿದೆ. "ಖಾಲಾ ಮಾಡ್ಯಾಳ. ಮುನ್ನಿ ಹೇಳಿಕೊಟ್ಟಾಳ," ಎಂದೆ ನೀನು. ಮತ್ತೆ ನನಗೂ ಒಂದು ತುಂಡು ಮುರಿದು ಕೊಡಲು ಬಂದೆ. ನಾನು ಬೇಡ ಎಂದು ಹೊದಿಕೆ ಎಳೆದುಕೊಂಡೆ. ತಲೆಯ ಮೇಲೆ ಕೂದಲಿಲ್ಲ, ಎದೆಯ ಒಂದು ಪಾಲು ಇಲ್ಲ, ಅದಕ್ಕೆಲ್ಲ ನಾನು ಅತ್ತಿರಲಿಲ್ಲ. ಅಂದು ಹೊದಿಕೆಯೊಳಗೆ ಅತ್ತೆ. ನಾನಿಲ್ಲದೆ ಈ ಮನೆ ನಡೆಯಬಾರದು ಎಂಬ ಆಸೆ ನನಗಿರಲಿಲ್ಲ. ಆದರೆ ಇಷ್ಟು ಬೇಗ, ಇಷ್ಟು ಚೆನ್ನಾಗಿ ನಡೆಯಬಾರದಿತ್ತು.

ಪಕ್ಕದ ಮನೆಯವಳು ಒಂದು ದಿನ ನನ್ನನ್ನು ಮಾತಾಡಿಸಲು ಬಂದಳು. ಮಂಚದ ತುದಿಯಲ್ಲಿ ಕುಳಿತು, ಅಡಿಗೆಮನೆಯ ಕಡೆ ಕಣ್ಣು ತಿರುಗಿಸಿ, "ಏನವ್ವ, ಲಿಂಗ ಕಟ್ಟಿದ ಮನ್ಯಾಗ ಅವರ ಕೈಲಿಂದ ರೊಟ್ಟಿ ಬಡಸ್ಲಿಕತ್ತೀರಿ?" ಎಂದಳು. ಒಂದು ಗಳಿಗೆ ನನಗೆ ದಾರಿ ಸಿಕ್ಕಂತಾಯಿತು. ಇದನ್ನೇ ಹಿಡಿದುಕೊಂಡು ನಿಮ್ಮ ಅಪ್ಪನಿಗೆ ಹೇಳಿದ್ದರೆ ಮರುದಿನ ಅವಳು ಬರುತ್ತಿರಲಿಲ್ಲವೇನೋ. ನಾನು ಹಾಗೆ ಮಾಡಲಿಲ್ಲ. ನನ್ನ ತವರಿನ ಮನೆಗೂ ಮುಸಲ್ಮಾನ ಪಿಂಜಾರರ ಮನೆಗೂ ಒಂದೇ ಗೋಡೆ. ಚಂದ್ರಂಪಳ್ಳಿಯ ಕಡೆ ಹೊಲದ ಕೆಲಸಕ್ಕೆ ಹೋದಾಗ ಅವರ ಬುತ್ತಿ ಬಿಚ್ಚಿ ನಾನು ಉಂಡದ್ದಿದೆ. ಉಂಡ ಬಾಯಿಂದ ಆ ಮಾತು ಹೇಗೆ ಬರುತ್ತದೆ? ಅವಳ ಜಾತಿ ನನ್ನನ್ನು ಕಾಡಿರಲಿಲ್ಲ. ಅವಳ ಕೈ ಕಾಡಿತ್ತು. ಅದನ್ನು ಪಕ್ಕದ ಮನೆಯವಳಿಗೆ ಹೇಳಲು ಬರುತ್ತಿರಲಿಲ್ಲ. ಸುಮ್ಮನೆ, ಬಿಸಿಲು ಭಾಳ ಅದ ಇವತ್ತ, ಎಂದೆ.

ನಾಲ್ಕನೆಯ ಕಿಮೋ ಆಗಿ ಒಂದು ವಾರವಾಗಿತ್ತು. ಸ್ವಲ್ಪ ಶಕ್ತಿ ಬಂದಿತ್ತು. ಮನೆಯಲ್ಲಿ ಯಾರೂ ಇರಲಿಲ್ಲ. ಅಡಿಗೆಮನೆಗೆ ಹೋಗಿ ಸುಮ್ಮನೆ ಎಲ್ಲ ಮುಟ್ಟಿ ನೋಡುತ್ತ ನಿಂತೆ. ಅಲ್ಲಿ ಮೂಲೆಯಲ್ಲಿ, ಕಾಳಿನ ಡಬ್ಬಿಗಳ ಹಿಂದೆ, ಆಪರೇಶನ್ನಿಗಿಂತ ಮೊದಲು ಬೀಸಿಸಿದ ಜೋಳದ ಹಿಟ್ಟಿನ ಡಬ್ಬಿ ಹಾಗೆಯೇ ಉಳಿದಿತ್ತು. ಮುಚ್ಚಳ ತೆಗೆದರೆ ಮುಗ್ಗಿದ ವಾಸನೆ. ಜೋಳದ ಹಿಟ್ಟು ವಾರದೊಳಗೆ ಖರ್ಚಾಗಬೇಕು, ಹಳೆಯದಾದರೆ ಜಿಗಿ ಹೋಗುತ್ತದೆ, ಎಂಥ ಕೈಯಾದರೂ ರೊಟ್ಟಿ ಹರಿಯುತ್ತದೆ. ಇದನ್ನು ನಮ್ಮ ಕಡೆಯ ಯಾವ ಹೆಣ್ಣಿಗೂ ಹೇಳಿಕೊಡಬೇಕಾಗಿಲ್ಲ.

ಎಮ್ಮೆಗೆ ಹಾಕಲು ಕೊಟ್ಟುಬಿಡಬೇಕು ಎಂದುಕೊಂಡೇ ಡಬ್ಬಿ ಎತ್ತಿದೆ. ಎತ್ತಿದ ಮೇಲೆ ಮನಸ್ಸು ಬೇರೆ ಕಡೆ ತಿರುಗಿತು. ಹಿಂದಿನ ದಿನವಷ್ಟೇ ಬೀಸಿಸಿ ತಂದ ಹೊಸ ಹಿಟ್ಟಿನಲ್ಲಿ ಹಳೆಯದನ್ನು ಸುರಿದು, ಎಡಗೈಯಿಂದ ಮೇಲೆ ಕೆಳಗೆ ಮಾಡಿ ಕಲಸಿದೆ. ಡಬ್ಬಿ ಎತ್ತಿ ಸುರಿದದ್ದು ಬಲಗೈಯಿಂದ, ಭಾರ ಎತ್ತಬಾರದು ಎಂಬುದು ಆಗ ನೆನಪೇ ಆಗಲಿಲ್ಲ. ಹಿಟ್ಟು ಕೆಳಗೆ ಚೆಲ್ಲಿತು. ನಮ್ಮ ನೆಲ ಶಹಾಬಾದಿನ ಕಲ್ಲು, ಬಿದ್ದದ್ದು ಎದ್ದು ಕಾಣುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ ಬಂದು ಮಲಗಿದೆ.

ಮರುದಿನ ಬೆಳಗ್ಗೆ ಕಿವಿ ಅಡಿಗೆಮನೆಯಲ್ಲೇ ಇಟ್ಟುಕೊಂಡಿದ್ದೆ. ಬಳೆಯ ಸದ್ದು ಶುರುವಾಯಿತು. ಮೂರು ಬಡಿತ, ಮತ್ತೆ ಎರಡು, ಆಮೇಲೆ ನಿಂತುಹೋಯಿತು. ಮತ್ತೆ ಶುರುವಾಯಿತು, ಮತ್ತೆ ನಿಂತಿತು. ಗುಂಡ್ಯಾ ಓಡಿಬಂದು, ಖಾಲಾನ ರೊಟ್ಟಿ ಹರಿದದ, ಎಂದು ನನಗೆ ಸುದ್ದಿ ಹೇಳಿದ. ನಿಮ್ಮ ಅಪ್ಪ ಒಂದು ತುಂಡು ಬಾಯಿಗಿಟ್ಟು, ಕಹಿ ಅದ, ಎಂದ. ನನಗೆ ಬಂದ ಸಂತೋಷ ಎಷ್ಟು ಹೊತ್ತಿನದು ಎಂದರೆ, ಮುನ್ನಿ ತಟ್ಟೆ ತಂದು ನನ್ನ ಮುಂದೆ ಇಡುವವರೆಗೆ. ಅಂದು ನೀವಿಬ್ಬರೂ ಬಿಸ್ಕೀಟು ತಿಂದು ಶಾಲೆಗೆ ಹೋದಿರಿ.

ನಿಮ್ಮ ಅವ್ವನಿಗೆ ಸಿಟ್ಟು ಬಂತು. ಖಾಲಾಳನ್ನು ಕೇಳಿದಳು. ಖಾಲಾ ಪರಾತದಲ್ಲಿದ್ದ ಹಿಟ್ಟನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಗಿರಣ್ಯಾಗ ಹಳೇದು ಕೂಡಿರಬೇಕ್ರಿ ಅಕ್ಕಾ," ಎಂದಳು. ಗಿರಣಿಯವನ ಜತೆ ಜಗಳಕ್ಕೇ ಹೊರಟವಳನ್ನು, ಬಸ್ಸು ತಪ್ಪುತ್ತದೆ ಎಂದು ಹೇಳಿ ಚಿತ್ತಾಪುರಕ್ಕೆ ಕಳಿಸಿದಳು. ಆ ಹಿಟ್ಟಿಗೂ ಓಣಿಯ ಗಿರಣಿಗೆ ಹೋಗುವುದಕ್ಕೂ ಅಂದೇ ಕೊನೆ.

ಎಲ್ಲರೂ ಹೋದ ಮೇಲೆ ಖಾಲಾ ಕಸ ಗುಡಿಸಿದಳು. ಅಡಿಗೆಮನೆಯಲ್ಲಿ ಕಸಬರಿಗೆ ಒಂದು ಕಡೆ ಬಹಳ ಹೊತ್ತು ನಿಂತಿತು. ಕಲ್ಲುಗಳ ಸಂದಿಯಲ್ಲಿ ಹಿಟ್ಟು ಕುಳಿತದ್ದು ನನಗೆ ಆಗ ಹೊಳೆಯಿತು. ಒದ್ದೆ ಬಟ್ಟೆಗೆ ಅದು ಹೋಗಿರಲಿಲ್ಲ, ಮೆತ್ತಿಕೊಂಡಿತ್ತು. ಅವಳು ಬಂದು ಮಂಚದ ಹತ್ತಿರ ನೆಲದ ಮೇಲೆ ಕುಳಿತಳು. ಅವಳು ನನ್ನ ಹತ್ತಿರ ಕುಳಿತದ್ದು ಅದೇ ಮೊದಲು. ನಾನು ಬೈಗುಳಕ್ಕೆ ಕಾಯುತ್ತಿದ್ದೆ.

"ಅವ್ವಾ, ಡಬ್ಬಿ ಎತ್ತುವಾಗ ಕೈ ನೋಯ್ಲಿಲ್ಲೇನ್ರಿ?" ಎಂದಳು.

ಕೈ ನೋಯುತ್ತಿತ್ತು. ಮುಂಗೈ ಬಾತಿತ್ತು, ಬೆಳಗಿನಿಂದ ಸೆರಗಿನೊಳಗೆ ಮುಚ್ಚಿಕೊಂಡಿದ್ದೆ. ಅವಳೇ ಸೆರಗು ಸರಿಸಿ ನೋಡಿದಳು. ಎರಡು ದಿಂಬು ಇಟ್ಟು ಕೈಯನ್ನು ಎತ್ತರಕ್ಕೆ ಮಲಗಿಸಿದಳು. ನಾಳೆ ಡಾಕ್ಟರರಿಗೆ ತೋರಿಸಲೇಬೇಕು ಎಂದಳು. ನಾನು ಗೋಡೆ ನೋಡುತ್ತ, "ಮಕ್ಕಳಿಗಿ ನನ್ನ ರೊಟ್ಟಿ ಮರ್ತುಹೋಗ್ತದ ಅನಿಸ್ತು," ಎಂದೆ. ಆ ವರ್ಷ ನಾನು ಆಡಿದ ಅತಿ ದೊಡ್ಡ ಮಾತು ಅದು.

ಅವಳು ನಕ್ಕುಬಿಟ್ಟಳು. "ನೀವು ಜರಾ ಜಾಸ್ತೀನೇ ಮಾಡೀರಿ. ಸೇಡಂದಾಗ ಒಬ್ಬಾಕಿ ಕಸಬರಗಿ ಅಷ್ಟೇ ಮುಚ್ಚಿಡ್ತಿದ್ಳು. ಚಿತ್ತಾಪುರದಾಕಿ ನಾ ಒಗದ ಸೀರಿ ನಾ ಹೋದಮ್ಯಾಗ ಮತ್ತ ನೀರಿಗಿ ಹಾಕ್ತಿದ್ಳು. ಹಿಟ್ಟಿಗಿ ಕೈ ಹಾಕಿದವ್ರು ನೀವೊಬ್ರೇ."

ನನಗೂ ನಗು ಬಂತು. ಹೊಲಿಗೆ ಹಾಕಿದ ಜಾಗ ಎಳೆಯಿತು. ಆಮೇಲೆ ಅವಳು ತನ್ನ ತಾಯಿಯ ಮಾತು ತೆಗೆದಳು. ಅವಳ ತಾಯಿಗೂ ಇದೇ ರೋಗವಾಗಿತ್ತಂತೆ. ಆಗ ಇದೇ ಸಂಘದಿಂದ ಒಬ್ಬ ಹೆಣ್ಣುಮಗಳು ಬರುತ್ತಿದ್ದಳಂತೆ. ತಾಯಿ, ಮಗಳಾದ ಇವಳು ಕೊಟ್ಟ ಗಂಜಿ ಬಿಟ್ಟು, ಆ ಹೆಣ್ಣುಮಗಳ ಕೈಯ ಗಂಜಿಯನ್ನೇ ಕೇಳುತ್ತಿದ್ದಳಂತೆ. ಅದಕ್ಕೆ ತಾನು ಆ ಹೆಣ್ಣುಮಗಳ ಚಪ್ಪಲಿಯನ್ನು ಮೋರಿಗೆ ಎಸೆದಿದ್ದೆ ಎಂದಳು. ತಾಯಿ ಉಳಿಯಲಿಲ್ಲ. ಚಪ್ಪಲಿಯ ಮಾತನ್ನು ಆ ಹೆಣ್ಣುಮಗಳಿಗೆ ಹೇಳಬೇಕೆಂದು ಸಂಘಕ್ಕೆ ಹೋದವಳು, ಹೇಳದೆ, ತಾನೂ ಹೆಸರು ಬರೆಸಿ ಬಂದಳಂತೆ.

ಹಿಟ್ಟಿನ ಮಾತನ್ನು ನಿಮ್ಮ ಅವ್ವನಿಗೆ ಹೇಳುತ್ತೀಯಾ ಎಂದು ನಾನು ಖಾಲಾಳನ್ನು ಕೇಳಲಿಲ್ಲ. ಅವಳು ಹೇಳಲೂ ಇಲ್ಲ.

ಅಂದಿನಿಂದ ಅವಳು ರೊಟ್ಟಿಗೆ ಕುಳಿತರೆ ನನಗೂ ಅಡಿಗೆಮನೆಯಲ್ಲಿ ಕುರ್ಚಿ ಹಾಕುತ್ತಿದ್ದಳು. ಬಿಸಿನೀರು ಸಾಕೋ ಬೇಕೋ ಎಂದು ನನ್ನನ್ನು ಕೇಳಿಯೇ ಹಿಟ್ಟಿಗೆ ಹಾಕುತ್ತಿದ್ದಳು. ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ನಾನು ಎಡಗೈಯಿಂದ ಬೇಯುವ ರೊಟ್ಟಿಯ ಮೇಲೆ ನೀರಿನ ಬಟ್ಟೆ ಸವರುತ್ತಿದ್ದೆ. ಮುನ್ನಿ ನಮ್ಮ ನಡುವೆ ಒಂದು ಸಣ್ಣ ಉಂಡೆ ಹಿಡಿದು ಕುಳಿತಿರುತ್ತಿದ್ದಳು. ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಜಾಗ ಬದಲಿಸಿತು. ಅವಳು ಬಾರದ ದಿನಗಳಲ್ಲಿ, ಈಗ ಯಾರ ಅಡಿಗೆಮನೆಯಲ್ಲಿದ್ದಾಳೋ, ಯಾರ ಬಾತ ಕೈಗೆ ದಿಂಬು ಇಡುತ್ತಿದ್ದಾಳೋ ಎಂದು ನನಗೆ ಒಳಗೆ ಉರಿಯುತ್ತಿತ್ತು. ಸೇಡಂನ ಆ ಕಸಬರಿಗೆಯವಳ ಮುಖ ನಾನು ನೋಡಿಲ್ಲ. ಆದರೂ ಅವಳ ಮೇಲೆ ನನಗೆ ಸಿಟ್ಟಿತ್ತು.

ಕರೆಂಟು ಕೊಡುವುದು ಮುಗಿದು, ಡಾಕ್ಟರರು ಇನ್ನು ಮೆಲ್ಲಗೆ ಕೈಗೆ ಕೆಲಸ ಕೊಡಿ ಎಂದರು. ಸಂಘದ ನೇಮದಂತೆ ಖಾಲಾ ಇನ್ನು ಬರುವಂತಿರಲಿಲ್ಲ. ಕೊನೆಯ ದಿನ ಅವಳು ಒಲೆಯ ಮುಂದೆ ಕೂರಲಿಲ್ಲ, ನನ್ನನ್ನು ಕೂರಿಸಿದಳು. ನಾನು ಬಡಿದೆ. ಕೈ ಮೊದಲಿನ ಹಾಗೆ ಏಳಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೆಳು, ಅಂಚು ಎರಡು ಕಡೆ ಸೀಳಿತು. ಅವಳು ತಿದ್ದಲು ಕೈ ಚಾಚಲಿಲ್ಲ. ಗುಂಡ್ಯಾ ಆ ರೊಟ್ಟಿ ನೋಡಿ, ಖಾಲಾನಂಗ ಆಗಿಲ್ಲ, ಎಂದ. ಖಾಲಾ ಆ ರೊಟ್ಟಿಯನ್ನು ತಟ್ಟೆಗೆ ಹಾಕಿಕೊಂಡು, ಮುರಿದು, ತಿನ್ನತೊಡಗಿದಳು. ನೇಮ ಏನಾಯಿತು ಎಂದು ನಿಮ್ಮ ಅವ್ವ ಕೇಳಿದ್ದಕ್ಕೆ, "ಚಹಾ ಕುಡೀಬ್ಯಾಡ್ರಿ ಅಂತ ಬರದಾರ. ರೊಟ್ಟಿದು ಬರದಿಲ್ಲ," ಎಂದಳು.

ಬುರ್ಖಾ ಹಾಕಿಕೊಳ್ಳುವಾಗ, ಇನ್ನು ಯಾವ ಊರು ಎಂದು ಕೇಳಿದೆ. ಚಿಂಚೋಳಿಯಲ್ಲಿ ಒಬ್ಬ ಮುದುಕಿ ಇದ್ದಾಳೆ ಎಂದಳು. ನನ್ನ ತವರಿನ ತಾಲೂಕು. ನಾನು ಹೂಂ ಎಂದೆ. ನೀನು ಮತ್ತೆ ಬಾ ಎಂದು ಹೇಳಬೇಕಿತ್ತು. ಹೇಳಿದ್ದು, ಹಿಟ್ಟಿನ ಡಬ್ಬಿ ಮೇಲೆ ಕಣ್ಣಿರಲಿ, ಎಂದಷ್ಟೇ. ಅವಳು ನಗುತ್ತಲೇ ಮೆಟ್ಟಿಲು ಇಳಿದಳು.

ಈಗ ನನ್ನ ಕೈ ಸುಧಾರಿಸಿದೆ. ದಿನಕ್ಕೆ ನಾಲ್ಕು ರೊಟ್ಟಿ ಬಡಿಯಬಲ್ಲೆ, ಉಳಿದದ್ದು ಮುನ್ನಿಯದು. ಮುನ್ನಿ, ನೀನು ರೊಟ್ಟಿಗೆ ಕುಳಿತಾಗ ನಾನು ಪಡಸಾಲೆಯಲ್ಲಿ ಮಲಗಿ ಕೇಳುತ್ತೇನೆ. ಬಿಸಿನೀರು ಹಾಕುವುದನ್ನು, ಬಟ್ಟೆ ಸವರುವುದನ್ನು ನನ್ನಿಂದ ಕಲಿತಿದ್ದೀಯ. ಬಡಿತ ಮಾತ್ರ ಮೂರು, ಮತ್ತೆ ಒಂದು ನಿಲುಗಡೆ, ನಡುವೆ ಬಳೆ. ಅದು ನನ್ನ ಬಡಿತವಲ್ಲ. ನಾನು ಎಂದೂ ನಡುವೆ ನಿಲ್ಲಿಸಿದವಳಲ್ಲ. ಪ್ರತಿ ಸಲ ಎದೆಯಲ್ಲಿ ಒಂದು ಚಿಕ್ಕ ಕಿಚ್ಚು ಏಳುತ್ತದೆ. ಎದ್ದರೂ, ನೀನು ಮುಗಿಸುವವರೆಗೆ ನಾನು ಮಗ್ಗಲು ಬದಲಿಸುವುದಿಲ್ಲ.

ನಿನ್ನೆ ನಾನೇ ಒಂದು ಸಣ್ಣ ಚೀಲ ಜೋಳ ಹಿಡಿದುಕೊಂಡು ಓಣಿಯ ತುದಿಯ ಗಿರಣಿಗೆ ಹೋದೆ. ಗಿರಣಿಯವನು ರೆಪ್ಪೆಯ ಮೇಲಿನ ಹಿಟ್ಟು ಒರೆಸಿಕೊಂಡು, "ಭಾಳ ದಿನಕ್ಕ ಬಂದ್ರಿ ಅವ್ವಾ, ಕುಂದ್ರಿ," ಎಂದು ಸ್ಟೂಲು ಕೊಟ್ಟ. ಹೇಳಿಬಿಡಬೇಕೆಂದೇ ಹೋಗಿದ್ದೆ. ಗಿರಣಿಯ ಸದ್ದಿನಲ್ಲಿ ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಬಿಸಿ ಹಿಟ್ಟು ಎದೆಗೆ ಹಿಡಿದುಕೊಂಡು ಬಂದೆ. ಆದ್ದರಿಂದ ಈ ಕೆಲಸ ನಿಮ್ಮದು. ಇದನ್ನು ಮೊದಲು ನಿಮ್ಮ ಅವ್ವನಿಗೆ ಓದಿ ಹೇಳಿ, ನಾನು ಮನೆಯಲ್ಲಿ ಇಲ್ಲದಾಗ. ಆಮೇಲೆ ಗುಂಡ್ಯಾ ಹೋಗಿ ಗಿರಣಿಯವನಿಗೆ ಹೇಳಲಿ.

ಎಂದಾದರೂ ಖಾಲಾ ಈ ಕಡೆ ಬಂದರೆ ಅವಳಿಗೂ ತೋರಿಸಿ. ಅಲ್ಲಿಯವರೆಗೆ ಈ ಹಾಳೆಗಳು ನನ್ನ ಟ್ರಂಕಿನಲ್ಲಿ, ಬೇವಿನೆಲೆ ಹಾಕಿದ ಸೀರೆಗಳ ನಡುವೆ ಇರಲಿ. ನೀರು ತಾಗದಂತೆ, ಹುಳ ಹತ್ತದಂತೆ ನೋಡಿಕೊಳ್ಳಿ. ಹಿಟ್ಟಿನ ಡಬ್ಬಿಯ ಹತ್ತಿರ ಮಾತ್ರ ಇಡಬೇಡಿ.